ಬೀಗರಿಗೆ ಕಾಣೂವಂಗ ಒಂದು ಎಸಿ

ನಮ್ಮ ಮನ್ಯಾಗ ಮಾನಾ ಅನ್ನೂದು ಭಾಳ ದಿನಾ ನಿಂದ್ರೂದಿಲ್ರಿ. ಏನರ ಒಂದು ಆಗಿ ಓಣಿ ಮಂದಿಗೆ ನಗಾಕ ಸಿಕ್ಕೇ ಸಿಗ್ತೈತಿ. ನಾ ಸಿಂದಗ್ಯಾಗ ಸಾಲಿ ಅಕ್ಕೋರು, ಮಕ್ಕಳಿಗೆ ಶಿಸ್ತು ಹೇಳಾಕಿ. ಈ ಬ್ಯಾಸಿಗ್ಯಾಗ ನನ್ನ ಮಾನಾ ಕಳದದ್ದು ಒಂದು ಎಸಿ.

ನಾಲತವಾಡದ ಮಂದಿ ನನ್ನ ಮಗಳನ್ನ ಒಂದು ಲಗ್ನದಾಗ ನೋಡಿ ಒಪ್ಪಿದ್ರು. ಮನಿ ನೋಡಿ ಮಾತು ಮುಗಸಾಕ ಐತವಾರ ಬರಾವ್ರಿದ್ರು. ಹುಡುಗ ಮಗಳ ಮನಸಿಗೂ ಬಂದಿದ್ದ. ಹುಡುಗನ ಅವ್ವ ಮಾತ್ರ ಭಾಳ ಖಡಕ್ ಅಂತ ಕೇಳಿದ್ನಿ. 'ಇವರ ಮನ್ಯಾಗ ಎಸಿ ಸೈತ ಇಲ್ಲ' ಅನ್ನೂ ಮಾತು ಬರಬಾರದಂತ ಹಟಾ ಹಿಡದು ತರಿಸಿದ್ನಿ.

ಮುತ್ತ್ಯಾಗ ಥಂಡಿ

"ಎಲ್ಲಿ ಕೂಡಸೂದ್ರಿ?" ಅಂತ ಕೇಳಿದ ಎಸಿ ಹಾಕಾಂವ.

"ಮಲಗೂ ಖೋಲ್ಯಾಗ," ಅಂದ್ರು ನಮ್ಮ ಮನಿಯವರು.

"ಬಂದವ್ರನ್ನ ಮಲಗೂ ಖೋಲಿಗೆ ಕರಕೊಂಡು ಹೋಗಿ ತೋರಸ್ತೀರೇನು?" ಅಂತ ನಾ ಜಬರಿಸಿದ್ನಿ. "ಪಡಸಾಲ್ಯಾಗ ಹಾಕಪಾ, ಬಾಗಲದ ಎದುರಿಗೆ."

"ಅಲ್ಲಿ ಹಾಕಿದ್ರ ತಂಪೆಲ್ಲಾ ಹೊರಗ ಹೋಗ್ತೈತ್ರಿ ಅಕ್ಕೋರ."

"ಹೋದ್ರ ಹೋಗ್ಲಿ. ಕಂಡ್ರ ಸಾಕು."

ಆ ಗ್ವಾಡಿ ಮ್ಯಾಲ ಮುತ್ತ್ಯಾನ ಫೋಟೊ ಇತ್ತು, ಅಂದ್ರ ನಮ್ಮ ಅತ್ತಿಯ ಮಾವಂದು. ಅದನ್ನ ಬ್ಯಾರೆ ಕಡೆ ಹಾಕಾಕ ಅತ್ತಿ ಸುತರಾಂ ಒಪ್ಪಲಿಲ್ಲ. ಕಡೀಕ ಎಸಿ ಮ್ಯಾಲ, ಮುತ್ತ್ಯಾ ಅದರ ಕೆಳಗ ಅಂತ ತೀರ್ಮಾನ ಆತು. ಮರುದಿನ ಎದ್ದು ನೋಡ್ತೇನಿ, ಅತ್ತಿ ಫೋಟೊಕ್ಕ ಉಣ್ಣಿ ಶಾಲು ಸುತ್ಯಾರ, ಮಾರಿಯಷ್ಟ ಕಾಣಾಕತ್ತೈತಿ.

"ಇದೇನ್ರಿ ಅತ್ತಿ?"

"ಬದುಕಿದ್ದಾಗ ಸೈತ ಅವರಿಗೆ ಥಂಡಿ ತಡೀತಿದ್ದಿಲ್ಲವಾ," ಅಂದ್ರು.

ಮದಲ ಬಂದವ್ರು

ಬಾಗಲಾ ಮುಚ್ಚಿದ್ರ ಓಣಿಗೆ ಎಸಿ ಕಾಣೂದಿಲ್ಲ. ಅದಕ್ಕ ಬಾಗಲಾ ಪೂರಾ ತಗದು, ಹಗಲೆಲ್ಲಾ ಚಾಲೂ ಇಟ್ನಿ. ಒಬ್ಬ ನರಮನುಷ್ಯಾ ಹೊಳ್ಳಿ ನೋಡಲಿಲ್ಲ. ಆದ್ರ ಓಣಿ ನಾಯಿಗೆ ಹೆಂಗ ತಿಳೀತೋ, ಬಂದು ಹೊಸ್ತಿಲಕ್ಕ ಮೂಗು ಹಚ್ಚಿ ಮಲಕ್ಕೊಂತು. ಸಂಜಿಕ ತನ್ನ ಬಳಗಾನೂ ಕರಕೊಂಡು ಬಂತು. ಕೋಲು ತಗೊಂಡ್ರೂ ಏಳವಲ್ಲವು.

ನಮ್ಮ ಮನಿಯವರು ಪೇಪರ್ ಕೆಳಗ ಇಳಿಸಿ, "ಚಹಾ ಇಡು," ಅಂದ್ರು. "ನಾಲತವಾಡದವ್ರಕಿಂತ ಮದಲ ಇವರು ಬಂದಾರ."

ಕಾಕಿ ತಕರಾರು

ಎಸಿಯ ಹೊರಗಿನ ಡಬ್ಬಿ ಬಾಜು ಮನಿ ಕಾಕಿ ಹಿತ್ತಲದ ಕಡೆ ಮಾರಿ ಮಾಡಿ ಕುಂತಿತ್ತು. ಕಾಕಿ ಖಾನಾವಳಿಗೆ ಖಡಕ್ ರೊಟ್ಟಿ ಮಾಡಿ ಕೊಡಾಕಿ. ಬಾಯಿನೂ ಅಷ್ಟ ಖಡಕ್. ಐತವಾರ ಬಂದವ್ರ ಎದುರಿಗೆ 'ಬಿಸಿಗಾಳಿ ಬಿಡ್ತೀರಿ' ಅಂತ ಜಗಳಕ್ಕ ನಿಂತ್ರ ಮಗಳ ಲಗ್ನಾನ ಮುರೀತೈತಿ ಅಂತ ನನಗ ಹೆದರಿಕಿ ಆತು. ಎಸಿ ಬಂದ್ ಮಾಡಿ, ಮಾರಿ ಸಣ್ಣದು ಮಾಡಿಕೊಂಡು ಹೋದ್ನಿ.

"ಕಾಕಿ, ತಪ್ಪಾತ್ರಿ. ಈ ಬಿಸಿಗಾಳಿ..."

"ಅದನ್ನ ಕೇಳಾಕ ನಾನ ಬರಾಕಿದ್ನಿ. ಬಂದ್ ಯಾಕ ಮಾಡೀರಿ?"

ನೋಡಿದ್ರ, ಡಬ್ಬಿ ಮುಂದ ಹೊರಸು, ಹೊರಸಿನ ತುಂಬ ರೊಟ್ಟಿ.

"ಬಿಸಲಾಗ ಇಟ್ರ ಕಾಗಿ ಬಿಡೂದಿಲ್ಲ. ಇಲ್ಲಿ ನೆರಳಾಗ ಛಲೋ ಒಣಗ್ತಾವ. ನಡೀರಿ ನಡೀರಿ, ಚಾಲೂ ಮಾಡ್ರಿ, ಈ ಕಡೀವು ಇನ್ನೂ ಹಸಿ ಅದಾವ."

ಮಾಫಿ ಕೇಳಾಕ ಹೋದಾಕಿ ಬೈಸಿಕೊಂಡು ಬಂದ್ನಿ.

ಐತವಾರ

ಬಂದ್ರು. ಹುಡುಗನ ಅವ್ವ ಎಸಿ ನೋಡಿದ್ರು, ಅದರ ಕೆಳಗ ಶಾಲು ಹೊತ್ತ ಮುತ್ತ್ಯಾನ್ನ ನೋಡಿದ್ರು, ಹೊಸ್ತಿಲ ಮ್ಯಾಲಿನ ನಾಯಿ ನೋಡಿದ್ರು.

"ಎಸಿ ಯಾವಾಗ ಹಾಕ್ಸೀರಿ ಅಕ್ಕೋರ?"

ನನ್ನ ನಾಲಿಗಿಗೆ ಏನಾಗಿತ್ತೋ! "ಅಯ್ಯ, ಭಾಳ ವರ್ಷ ಆತ್ರಿ. ಅದಿಲ್ಲಂದ್ರ ನಮಗ ನಿದ್ದೀನ ಬರೂದಿಲ್ಲ," ಅಂದ್ನಿ.

"ಅಂದ್ರ ಎಲ್ಲಾರೂ ಪಡಸಾಲ್ಯಾಗ ಮಲಗ್ತೀರಿ?"

ನಮ್ಮ ಮನಿಯವರು ಕೆಮ್ಮಿದ್ರು. ಮಗಳು ನೆಲಾ ನೋಡಿದ್ಳು. ಅಷ್ಟ್ರಾಗ ಕಾಕಿ ಬುಟ್ಟಿ ಹೊತ್ಕೊಂಡು ಸೀದಾ ಒಳಗ ಬಂದ್ಳು.

"ತಗೋರಿ, ಈ ಮನಿ ಎಸಿ ಗಾಳಿಗೆ ಒಣಗಿಸಿದ ರೊಟ್ಟಿ. ಮೊನ್ನೆ ಹಾಕ್ಸ್ಯಾರ. ನೀವು ಬರ್ತೀರಂತ ಅಕ್ಕೋರು ಹಗಲೆಲ್ಲಾ ಬಾಗಲಾ ತಗದು ಹಚ್ಚಿಟ್ಟಾರ್ರಿ, ಪಾಪ. ಅದಕ್ಕ ಇಷ್ಟು ಲಗೂನ ಒಣಗಿದ್ವು."

ಮಾರಿ ಎಲ್ಲಿ ಇಟ್ಕೊಳ್ಳಬೇಕೋ ತಿಳೀಲಿಲ್ರಿ. ಆ ಶಾಲು ಬಿಚ್ಚಿ ನಾನ ತಲಿ ತುಂಬ ಹೊತ್ಕೊಳ್ಳೂಣು ಅನ್ನಸ್ತು. ಎಲ್ಲಾ ಮುಗೀತು, ಮಗಳ ಬಾಳಿಗೆ ನಾನ ಕಲ್ಲು ಹಾಕಿದ್ನಿ ಅಂತ ಕಣ್ಣಾಗ ನೀರು ಬಂದ್ವು.

ಹುಡುಗನ ಅವ್ವ ಒಂದು ರೊಟ್ಟಿ ತಗೊಂಡು ಮುರದ್ರು. ಕಟಕ್ ಅಂತು. ಬಾಯಾಗ ಹಾಕ್ಕೊಂಡು, ಸಾವಕಾಶ ಅಗದು, ಜೋಡಿ ಬಂದಿದ್ದ ತಮ್ಮ ಗಂಡನ ಮಾರಿ ನೋಡಿದ್ರು. ಆಮ್ಯಾಲ ನನ್ನ ಕಡೆ ಹೊಳ್ಳಿದ್ರು.

"ಬೀಗತಿ, ಮದುವಿ ಮುಂದಿನ ತಿಂಗಳಾನ ಇಟ್ಕೊಳ್ಳೂನ್ರಿ. ಗಾಡಿಗಟ್ಲೆ ರೊಟ್ಟಿ ಬೇಕಾಗ್ತಾವ. ಅಲ್ಲೀತನಕ ಬಾಗಲಾ ಮಾತ್ರ ಮುಚ್ಚಬ್ಯಾಡ್ರಿ."