ಆರುನೂರ ಹನ್ನೆರಡು ಕೂಸುಗಳನ್ನು ಕುಂಬಾರವಾಡಕ್ಕೆ ಕಳಿಸಿದ ಎಫ್-ಐದು ಕೀಲಿಯವರಿಗೆ

ದಾಂಡೇಲಿ, ಜುಲೈ 2005

ಮಾನ್ಯರೇ,

ಕೀಲಿಮಣೆಯ ಮೇಲ್ಸಾಲಿನಲ್ಲಿ ಎಫ್-ನಾಲ್ಕು ಮತ್ತು ಎಫ್-ಆರರ ನಡುವೆ ವಿರಾಜಮಾನರಾಗಿರುವ ತಮಗೆ, ಇಲ್ಲಿನ ಸಣ್ಣದೊಂದು ಸೇವಾ ಸಂಸ್ಥೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ, ಬಿ.ಎಸ್ಸಿ. ಪಾಸಾದ, ಆರು ತಿಂಗಳಿಂದ ಒಂದು ಇಡೀ ನಿದ್ದೆ ಕಾಣದ ತುಳಜಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರವಣಿಗೆಯ ಮಟ್ಟಿಗೆ. ತೊಡೆಯ ಮೇಲೆ ಮಗಳು ಕಾಜಲ್ ಇರುವುದರಿಂದ ಸದ್ಯ ಬಗ್ಗಲಾಗದು.

ತಮಗೆ ನನ್ನ ಕೆಲಸದ ಪರಿಚಯ ಇದ್ದಂತಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಆರುನೂರ ಹನ್ನೆರಡು ಕೂಸುಗಳ ಪಟ್ಟಿ ನಮ್ಮ ಕಂಪ್ಯೂಟರಿನಲ್ಲಿದೆ. ಯಾವ ಊರಿನ ಯಾವ ಕೂಸಿಗೆ ಯಾವ ಚುಚ್ಚುಮದ್ದು ಬಾಕಿ ಎಂದು ಅದು ಹೇಳಿದಂತೆ ನರ್ಸ್ ಗೋದುಬಾಯಿಯವರು ಪ್ರತಿ ಗುರುವಾರ ಐಸ್ ಪೆಟ್ಟಿಗೆಯಲ್ಲಿ ಲಸಿಕೆ ತುಂಬಿಕೊಂಡು ಜೀಪು ಹತ್ತುತ್ತಾರೆ. ಪಟ್ಟಿಯಲ್ಲಿ ಊರು ತಪ್ಪಿದರೆ ಕೂಸಿಗೆ ಲಸಿಕೆಯೂ ತಪ್ಪುತ್ತದೆ. ಈ ಪಟ್ಟಿಗೆ ನಾವು ಕೇಳುವ ಪ್ರಶ್ನೆಗೂ ಕೊಡುವ ಅಪ್ಪಣೆಗೂ ಕ್ವೆರಿ ಎಂದು ಹೆಸರು. ನಾನು ನನ್ನ ಕ್ವೆರಿಗಳನ್ನೆಲ್ಲ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬರೆದಿಟ್ಟು, ಬೇಕಾದ ಒಂದನ್ನು ಮಾತ್ರ ತಮ್ಮನ್ನು ಒತ್ತಿ ಓಡಿಸಬಯಸುವವಳು. ಆದರೆ ‘ಒಂದನ್ನು ಮಾತ್ರ’ ಎಂಬ ಸಣ್ಣತನ ತಮಗೆ ಒಗ್ಗುವುದಿಲ್ಲ. ಸುಮ್ಮನೆ ಒತ್ತಿದರೆ ಇಡೀ ಪುಟ ಓಡಿಸುತ್ತೀರಿ; ಮೌಸಿನಿಂದ ಗುರುತು ಹಾಕಿ ಒತ್ತಿದರೆ ಗುರುತು ಬಿದ್ದಷ್ಟನ್ನೇ, ಅದು ಅರ್ಧ ಕ್ವೆರಿಯಾದರೂ, ಚಾಚೂ ತಪ್ಪದೆ ಓಡಿಸುತ್ತೀರಿ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಹೀಗಾಗಿ ಕೂಸು ಮೊದಲು ತವರೂರಿನ ಹೆಸರಿನಲ್ಲಿ ಪಟ್ಟಿ ಸೇರುತ್ತದೆ. ಬಾಣಂತಿ ತೊಟ್ಟಿಲು ಸಮೇತ ಗಂಡನ ಮನೆಗೆ ಹೊರಟಾಗ ಪಟ್ಟಿಯಲ್ಲೂ ಊರು ಬದಲಾಗಬೇಕು. ಹೋದ ಸೋಮವಾರ ರೋಜಿ ಎಂಬಾಕೆ ಮುಂಡಗೋಡ ಕಡೆಯ ತವರಿನಿಂದ ಕುಂಬಾರವಾಡಕ್ಕೆ ಮರಳಿದ ಸುದ್ದಿ ಬಂತು. ಎರಡು ಸಾಲಿನ ಕ್ವೆರಿ ಬರೆದೆ. ಮೊದಲ ಸಾಲು: ಕೂಸಿನ ಊರನ್ನು ಕುಂಬಾರವಾಡ ಮಾಡು. ಎರಡನೆಯದು: ತಾಯಿ ರೋಜಿಯಾಗಿದ್ದರೆ ಮಾತ್ರ. ಎಡಗೈಯಲ್ಲಿ ಕಾಜಲ್, ಬಲಗೈಯಲ್ಲಿ ಮೌಸು. ಮೊದಲ ಸಾಲಿಗೆ ಗುರುತು ಬೀಳುವಷ್ಟರಲ್ಲಿ ಅವಳು ನನ್ನ ಮಂಗಳಸೂತ್ರ ಹಿಡಿದು ಜಗ್ಗಿದಳು. ಬಿಡಿಸಿಕೊಂಡವಳು ಎರಡೂ ಸಾಲಿಗೆ ಗುರುತಾಗಿದೆ ಎಂದುಕೊಂಡು ತಮ್ಮನ್ನು ಒತ್ತಿದೆ.

ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ದಿನಕ್ಕೊಂದು ಬಸ್ಸು ಬಂದರೆ ಬಂತು ಎನ್ನುವ ಕುಂಬಾರವಾಡಕ್ಕೆ ತಾವು ಕಣ್ಣು ಮಿಟುಕಿಸುವುದರೊಳಗೆ ಆರುನೂರ ಹನ್ನೆರಡು ಕೂಸುಗಳನ್ನು ಮುಟ್ಟಿಸಿದಿರಿ, ಒಂದಕ್ಕೂ ವಾಂತಿಯಾಗದಂತೆ. ಕೋಗಿಲಬನದಲ್ಲಿ, ಮೌಳಂಗಿಯಲ್ಲಿ ಹೆಸರಿಗೊಂದು ಕೂಸು ಉಳಿಯಲಿಲ್ಲ. ಮಂಗಳವಾರ ಗೋದುಬಾಯಿಯವರು ಪಟ್ಟಿ ಹಿಡಿದು ಬಂದು ನನ್ನ ಮೇಜಿನ ಮುಂದೆ ನಿಂತರು. “ಅಕ್ಕಾರ, ನಾ ಎರಡ ದಿನಾ ರಜಾ ಹಾಕಿದ್ದೆ ಅಷ್ಟ. ಅಷ್ಟರಾಗ ಕುಂಬಾರವಾಡದಾಗ ಇಷ್ಟ ಕೂಸು ಹೆಂಗ ಹುಟ್ಟಿದ್ವುರಿ? ನನಗ ಎಷ್ಟ ಕೈ ಅದಾವಂತ ತಿಳದೀರಿ?” ಸಂಸ್ಥೆಯ ಮುಖ್ಯಸ್ಥರಾದ ಅಡಿವೆಯ್ಯನವರು ನಗಲಿಲ್ಲ. “ನೋಡವಾ, ಗುರುವಾರದೊಳಗ ಪಟ್ಟಿ ಮೊದಲಿನಂಗ ಆಗ್ಲಿಲ್ಲಂದ್ರ, ನೀನೂ ಕೂಸೂ ಮನ್ಯಾಗ ಇರೂದ ಚಲೋ” ಎಂದರು. ಪಟ್ಟಿಯ ಇನ್ನೊಂದು ಪ್ರತಿ ತೆಗೆದಿಡಬೇಕೆಂದು ನನಗೆ ಕಾಲೇಜಿನಲ್ಲೇ ಕಲಿಸಿದ್ದರು. ಇಟ್ಟಿರಲಿಲ್ಲ.

ಆದ್ದರಿಂದ ನನ್ನ ವಿನಂತಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕು. ಕ್ವೆರಿ ಬರೆಯುವ ಬೇರೆ ಯಾವುದೋ ಎಡಿಟರಿನಲ್ಲಿ ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಕರ್ಸರ್ ನಿಂತ ಕ್ವೆರಿಯೊಂದೇ ಓಡುತ್ತದಂತೆ. ತಾವು ದೊಡ್ಡ ಮನಸ್ಸು ಮಾಡಿ ಅವರಲ್ಲಿ ನಾಲ್ಕು ದಿನ ತರಬೇತಿಗೆ ಹೋಗಿಬರಬೇಕು. ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಕೀಲಿಯೊಂದನ್ನು ಮೇಜಿನ ಕೆಳಗೆ ಒದಗಿಸಬೇಕು. ಅದೂ ಆಗದಿದ್ದರೆ, ಮಗಳಿಗೆ ಹಲ್ಲು ಬರುವ ಕಾಲದಲ್ಲಾದರೂ, ಒತ್ತಿದೊಡನೆ ಓಡದೆ ಒಂದು ಗಳಿಗೆ ತಡೆದು, “ತಂಗೀ, ಖರೇನ ಓಡಸ್ಲ್ಯಾ?” ಎಂದು ಕೇಳಬೇಕು.

ಮಂಗಳವಾರ, ಬುಧವಾರ ಎರಡೂ ದಿನ ಗೋದುಬಾಯಿಯವರು ತಮ್ಮ ಹಳೆಯ ವಹಿ ಬಿಡಿಸಿ ಒಂದೊಂದೇ ಕೂಸಿನ ಹೆಸರು, ಊರು ಓದಿದರು. ನಾನು ಒಂದೊಂದನ್ನೇ ತಿದ್ದಿದೆ. ರೋಜಿಯ ಕೂಸೂ ಸೇರಿ ಕಡೆಯ ಹೆಸರು ಮುಗಿದಾಗ ಅವರು ಕಾಜಲ್‌ಳ ಗಲ್ಲ ಹಿಂಡಿ, “ಎಲ್ಲಾರ್ದೂ ಆತು. ಇಕಿ ಹೆಸರ ಎಲ್ಲಿ ಬಂತ್ರೀ? ನಾ ಓದಿದ ನೆನಪಿಲ್ಲ” ಎಂದರು.

ಹುಡುಕಿದೆ. ಇರಲಿಲ್ಲ. ನನ್ನ ತವರು ಖಾನಾಪುರ, ನಮ್ಮ ಪಟ್ಟಿಯ ಹೊರಗಿನ ಊರು. ಎರಡು ಚುಚ್ಚುಮದ್ದು ಅಲ್ಲೇ ಆಗಿದ್ದವು. ಕೆಲಸಕ್ಕಾಗಿ ಮೂರನೇ ತಿಂಗಳಿಗೇ ಇಲ್ಲಿಗೆ ಬಂದವಳು ಅವಳ ಹೆಸರನ್ನು ಎಲ್ಲಿಯೂ ಸೇರಿಸಿರಲಿಲ್ಲ. ಮೂರನೆಯ ಚುಚ್ಚುಮದ್ದಿನ ದಿನ ಕಳೆದು ಎರಡು ತಿಂಗಳು ಮೇಲಾಗಿತ್ತು. ಸೀನಿದರೆ ಎದ್ದು ಕೂರುವ, ಉಸಿರಾಡುತ್ತಿದ್ದಾಳೋ ಎಂದು ಮೂಗಿಗೆ ಬೆರಳು ಹಿಡಿದು ನೋಡುವ ನಾನು ಇದೊಂದನ್ನು ಮರೆತಿದ್ದೆ. ತಾವು ಊರೂರೇ ಕಿತ್ತು ಹಾಕದಿದ್ದರೆ ನಾವು ಹೆಸರು ಹೆಸರಾಗಿ ಓದುತ್ತಿರಲಿಲ್ಲ. ಓದದಿದ್ದರೆ ಇದು ಗೊತ್ತೂ ಆಗುತ್ತಿರಲಿಲ್ಲ. ಗುರುವಾರ ಜೀಪು ಹೊರಡುವ ಮುಂಚೆ ಮೊದಲ ಸೂಜಿ ಕಾಜಲ್‌ಗೇ ಬಿತ್ತು. ಅವಳು ಅತ್ತಳು, ನಾನೂ ಅತ್ತೆ. ಬೈಯಲು ಶುರುಮಾಡಿದ ಪತ್ರದಲ್ಲಿ ತಮಗೆ ಕೃತಜ್ಞತೆ ಬರೆಯಬೇಕಾಗಿ ಬಂದಿರುವ ಸಂಕಟವನ್ನು ತಾವು ಅರ್ಥ ಮಾಡಿಕೊಳ್ಳಬೇಕು.

ಒಂದೇ ಕೈ ಬಿಡುವಿರುವ,
ತಮ್ಮ ವಿಶ್ವಾಸಿ
ತುಳಜಾ

ತಾ.ಕ.: ಮಗಳ ಹೆಸರು ಸೇರಿಸುವ ಕ್ವೆರಿಯನ್ನು ಈ ಸಲ ಪೂರ್ತಿ ಗುರುತು ಹಾಕಿ, ಎರಡು ಸಲ ಓದಿ, ತಮ್ಮನ್ನು ಒಮ್ಮೆ ಒತ್ತಿದೆ. ಕಾಜಲ್ ಕೈಚಾಚಿ ಮತ್ತೆರಡು ಸಲ ಒತ್ತಿದಳು. ಪಟ್ಟಿಯ ಪ್ರಕಾರ ನನಗೀಗ ತ್ರಿವಳಿ ಹೆಣ್ಣುಮಕ್ಕಳು. ಒಬ್ಬಳನ್ನು ನಾನು ಹೇಗೋ ಮಲಗಿಸುತ್ತೇನೆ. ಉಳಿದಿಬ್ಬರನ್ನು ತಾವು ನೋಡಿಕೊಳ್ಳಬೇಕಾಗಿ ಪ್ರಾರ್ಥನೆ.