ಮಾಮಾನ ಅಮೆರಿಕದ ಲ್ಯಾಬು

ನಮ್ಮ ಮಾಮಾ, ಅಂದರೆ ನನ್ನ ಅಮ್ಮನ ಖಾಸಾ ತಮ್ಮ, ಹುಟ್ಟಿದ್ದು ಧಾರವಾಡದಲ್ಲಿ, ಮನೆ ಮಾಡಿರುವುದು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ. ಬದುಕುವುದು ಮಾತ್ರ ಅಮೆರಿಕದ ಗಡಿಯಾರದ ಪ್ರಕಾರ! ಕಾರಣ, ಅಲ್ಲಿನ ಒಂದು ವಿಶ್ವವಿದ್ಯಾಲಯ. ಕರಿಯರನ್ನು ಬೇರೆ ಕಾಲೇಜುಗಳು ಒಳಗೇ ಬಿಡದ ಕಾಲದಲ್ಲಿ ಅವರಿಗಾಗಿ ಹುಟ್ಟಿದ್ದು ಅದು. ರಕ್ತದ ಕಾಯಿಲೆಗಳ ಸಂಶೋಧನೆ ಮಾಡಿ ನಿವೃತ್ತರಾದ ಮಾಮಾ ಒಮ್ಮೆ ಅಲ್ಲಿಗೆ ಹೋಗಿಬಂದರು.

"ಹುಡುಗ್ರ ತಲಿ ಭಾರಿ ಚುರುಕು ಅದ. ಲ್ಯಾಬ್ ನೋಡಿದ್ರ, ಬಚ್ಚಲಮನಿ ಅದಕ್ಕಿಂತ ದೊಡ್ಡದು!"

ಅಂದಿನಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಅಲ್ಲಿನ ವಿದ್ಯಾರ್ಥಿಗಳಿಗೆ ವಿಡಿಯೋದಲ್ಲಿ ಪಾಠ. ನಮಗೆ ಬೆಳಗಾದಾಗ ಅಮೆರಿಕದಲ್ಲಿ ಹಿಂದಿನ ದಿನದ ಸಂಜೆ. ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿರುವ ನಮ್ಮ ಮನೆಗೆ ಬಂದಾಗಲೂ ಬಿಡುವಿಲ್ಲ. ನಮ್ಮ ಊಟದ ಮೇಜೇ ಪ್ರಯೋಗಶಾಲೆ! ಹನಿಗಳನ್ನು ಅಳೆಯುವ ಪಿಪೆಟ್ ಅವರ ಜೇಬಿನಲ್ಲೇ ಇರುತ್ತದೆ. ಒಮ್ಮೆ ಅದರಿಂದಲೇ ಸಾರಿಗೆ ಹುಣಸೆಹುಳಿ ಬಿಡುತ್ತ ನಿಂತರು.

"ಮಾಮಾ, ಹೀಗೆ ಹನಿ ಹನಿ ಹಾಕಿದ್ರೆ ಸಾರು ನಾಳೆಗೇ ಆಗೋದು!" ಎಂದಳು ನನ್ನ ಹೆಂಡತಿ.

"ಆಗವಲ್ದ್ಯಾಕ? ದಿನಾ ಒಂದ ರುಚಿ ಬರಬೇಕವ್ವ. ಅದಕ್ಕ ಸೈನ್ಸ್ ಅಂತಾರ."

ಹುಳಿ ಕರಾರುವಾಕ್ಕಾಗಿತ್ತು. ಉಪ್ಪು ಹಾಕುವುದನ್ನೇ ಮರೆತಿದ್ದರು!

ಇಂಥವರು ಅನುದಾನದ ಅರ್ಜಿ ಬರೆದರೆ ಹೇಗಿರಬೇಡ? ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ಅಧ್ಯಯನಕ್ಕೆಂದು ಆ ವಿಶ್ವವಿದ್ಯಾಲಯದವರ ಜೊತೆ ಕೂತು ಬರೆದರು. ತಿರಸ್ಕೃತವಾಯಿತು. ಕಾರಣ, 'ಸಂಸ್ಥೆಗೆ ಸಂಶೋಧನೆಯ ಸಾಮರ್ಥ್ಯ ಸಾಲದು.'

"ಅಡಗಿ ಮಾಡಿ ತೋರಸ್ರಿ, ಆಮ್ಯಾಲೆ ಒಲಿ ಕೊಡ್ತೀವಿ ಅಂದಂಗಾತಲ್ಲೋ! ಬರಕೋ!"

ನಾನು ಅಂದು ಮನೆಯಿಂದಲೇ ಚಾಟ್ಸ್‌ವುಡ್ ಆಫೀಸಿನ ಕೆಲಸ ಮಾಡುತ್ತಿದ್ದೆ. ಅನುದಾನದವರಿಗೆ ಉತ್ತರವೆಂದು ಮಾಮಾ ಗುಡುಗಿದರು, ನಾನು ಟೈಪಿಸಿದೆ. 'ಸಲಕರಣೆ ಕೊಡದೆ ಸಾಮರ್ಥ್ಯ ಕೇಳಲು ನಾಚಿಕೆಯಾಗುವುದಿಲ್ಲವೇ?' ಎಂಬ ಸಾಲು ಗಡಿಬಿಡಿಯಲ್ಲಿ ನನ್ನ ಮ್ಯಾನೇಜರಿಗೆ ಹೋಯಿತು! ಹತ್ತು ನಿಮಿಷದಲ್ಲಿ ಮ್ಯಾನೇಜರಿಂದ ಕ್ಷಮಾಪಣೆ ಬಂತು, ಜೊತೆಗೆ ನನಗೊಂದು ಹೊಸ ಲ್ಯಾಪ್‌ಟಾಪ್. ತಮ್ಮ ಸಾಲಿಗೆ ಸಲಕರಣೆ ಸಿಕ್ಕಿದ್ದು ನನಗೆ ಎಂದು ಮಾಮಾ ಮೂರು ದಿನ ನನ್ನೊಡನೆ ಮಾತು ಬಿಟ್ಟರು.

ಮುಂದಿನ ವರ್ಷ ಮತ್ತೆ ಹಾಕಿದ ಅರ್ಜಿ ಗೆದ್ದಿತು. ಅಲ್ಲಿ ಒಂದು ಕೋಣೆ ಸಿದ್ಧವಾಯಿತು, ಕ್ಯಾಮೆರಾ ಇರುವ ಸೂಕ್ಷ್ಮದರ್ಶಕವೂ ಬಂತು. ವಿಡಿಯೋದಲ್ಲಿ ಮೊದಲ ರಕ್ತದ ಸ್ಲೈಡ್ ನೋಡುವ ದಿನ ಮಾಮಾ ನಮ್ಮ ಮನೆಯಲ್ಲೇ ಇದ್ದರು. ತೋರಿಸಬೇಕಾದ ವಿದ್ಯಾರ್ಥಿನಿ ವಾರವಿಡೀ ತರಗತಿಗೆ ಬಂದಿರಲಿಲ್ಲ. ತೆರೆಯ ಮೇಲೆ ಅವಳ ಮುಖ ಕಂಡದ್ದೇ ತಡ, ಇಂಗ್ಲಿಷಿನಲ್ಲಿ ಶುರುವಾಯಿತು ಬೈಗುಳ. ಅವಳು ನಗುತ್ತಲೇ ಕೇಳಿಸಿಕೊಂಡು, ಸ್ಲೈಡನ್ನು ಇಟ್ಟಳು. ದುಂಡನೆಯ ಕಣಗಳ ನಡುವೆ ಅಲ್ಲಲ್ಲಿ ಬಾಗಿದವು, ಒಂದೊಂದೂ ಸ್ಪಷ್ಟ.

"ಎಂಥಾ ಸ್ಲೈಡ್! ಯಾರ ರಕ್ತ ಇದು?" ಎಂದರು ಮಾಮಾ.

"ನಂದೇ ಸರ್. ನಿನ್ನೆಯಷ್ಟೇ ಆಸ್ಪತ್ರೆಯಿಂದ ಬಂದೆ."

ಮಾಮಾ ಎದುರಿಗಿರುವವಳು ಯಾರೆಂಬುದನ್ನೂ ಮರೆತು, ಕನ್ನಡದಲ್ಲಿ ಕೇಳಿದರು: "ಊಟಾ ಮಾಡಿಯೇನವ್ವಾ?"

ಅವಳು ಕಣ್ಣರಳಿಸಿದಳು. ನಾನು ಅನುವಾದಿಸಿದೆ. ಇನ್ನೂ ಇಲ್ಲವೆಂದು ತಲೆಯಾಡಿಸಿದಳು.

"ಹೋಗಿ ಉಂಡು ಬಾ ಅಂತ ಹೇಳೋ. ನಾನು ಇಲ್ಲೇ ಇರ್ತೀನಿ."

ಅವಳು ಎದ್ದು ಹೋದಳು. ಅವಳ ರಕ್ತಕಣಗಳನ್ನೇ ನೋಡುತ್ತ, ಮಾಮಾ ಅಲ್ಲಾಡದೆ ಕೂತರು.