ಎಡಗಾಲಿನ ಐದು ಬೆರಳು

ನಡುನೋವಿನವರು ಇರುವ ಮನೆಯಲ್ಲಿ ನಗಬಾರದ ಹೊತ್ತಿಗೇ ನಗು ಬರುತ್ತದೆ, ಹೆದರಬೇಕಿಲ್ಲದ ಕಡೆ ಮೈ ಜುಂ ಅನ್ನುತ್ತದೆ. ಮದುವೆಯಾಗಿ ಕೋಲಸಿರ್ಸಿಗೆ ಬಂದ ಮೇಲೆ ನಾನು ಎಷ್ಟು ಜನರ ನಡು ಕಂಡೆನೋ ನೆನಪಿಲ್ಲ. ನನ್ನ ಅನ್ನ ನೀರು ಬಿಡಿಸಿದ್ದು ಮಾತ್ರ ಒಂದೇ, ಇವರದು, ಅಂದರೆ ನಮ್ಮ ಯಜಮಾನರದು. ಅದನ್ನು ಕೊಯ್ಯಿಸಬೇಕೋ ಬೇಡವೋ ಅಂತ ತೀರ್ಮಾನ ಆಗುವುದರೊಳಗೆ ಏನೇನು ನಡೆಯಿತು, ಕೇಳಿ.

೧. ನಾಲ್ಕನೇ ಒದೆ

ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಮೂರು ಸಲ ಮೆಲ್ಲಗೆ ಒದ್ದರೆ ಹಿಡಿದುಕೊಂಡ ನಡು ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ಅದಕ್ಕೊಂದು ಕ್ರಮ ಇತ್ತು. ಒದೆಸಿಕೊಳ್ಳುವವರು ಬಾಯಿ ಬಿಡಬಾರದು, ತಿರುಗಿ ನೋಡಬಾರದು, ಒದೆಸಿಕೊಂಡು ಸುಮ್ಮನೆ ಎದ್ದು ಹೋಗಬೇಕು. ಹೀಗಾಗಿ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಯಾರಾದರೂ ಬೋರಲು ಬಿದ್ದಿರುತ್ತಿದ್ದರು. ಮುಖವಿಲ್ಲ, ಮಾತಿಲ್ಲ, ಬರೀ ಬೆನ್ನು. ಹೊಸತರಲ್ಲಿ ಹೆಣವೇ ಅಂತ ಚೀರಿದ್ದೂ ಇದೆ. ಆಮೇಲೆ ಒಲೆಗೆ ಬೆಂಕಿ ಹಾಕುವ ಮೊದಲು ಒದ್ದು ಬರುವುದು ಅಭ್ಯಾಸವಾಯಿತು.

ಒಮ್ಮೆ ಯಲ್ಲಾಪುರದಲ್ಲಿ ಮರದ ನಾಟಾ ಸಾಗಿಸುವ ಲಾರಿಯ ಡ್ರೈವರ್ ಬಂದು ಮಲಗಿದ್ದ. ನಾನು ಒದ್ದೆ, ಅವನು ಎದ್ದು ಹೋದ. ವಾರ ಬಿಟ್ಟು ಮತ್ತೆ ಬಂದ. ಈ ಸಲ ಅಂಗಳದಲ್ಲೇ ನಿಂತ, ಮುಖ ಬಿಳುಚಿತ್ತು.

"ಯವ್ವಾ, ನಡಾ ಬಿಡ್ತ್ರೀ. ಆದ್ರ ಒಂದು ಮಾತು. ನೀವು ಒದಿಯೋದು ಮೂರ ಅಲ್ರೀ?"

"ಹೌದು, ಮೂರೇ."

"ನನಗ ನಾಕು ಬಿದ್ವು. ಮೊದಲನೇದು ಬಿದ್ದಾಗ ಬಾಗಿಲಾ ಇನ್ನೂ ತೆಗದಿದ್ದಿಲ್ಲ."

ಅವನೂ ನಾನೂ ಖಾಲಿ ಜಗಲಿಯನ್ನೇ ನೋಡುತ್ತ ನಿಂತೆವು. ಅಷ್ಟರಲ್ಲಿ ಬಾವಿಕಟ್ಟೆಯಿಂದ ನಮ್ಮ ಅತ್ತೆಯವರ ದನಿ ಬಂತು.

"ಅದು ಆನು! ಬೆಳಗಾಗ ಹಿತ್ಲ ಬಾಗ್ಲಿಂದ ಹೂವು ಕೊಯ್ಯಲೆ ಹೊಂಟಿದ್ದಿ, ಎಡವಿದಿ. ಅವ ಮಾತಾಡಿದ್ದಿಲ್ಲೆ, ಆನೂ ಮಾತಾಡಿದ್ದಿಲ್ಲೆ."

೨. ಕೊಟ್ಟಿಗೆ ತುಂಬ ವೈದ್ಯರು

ಆ ವರ್ಷ ಇವರಿಗೇ ನಡು ಹಿಡಿಯಿತು. ನೋವು ಎಡಗಾಲಿನ ಹಿಂಬದಿಯಲ್ಲಿ ಹಿಮ್ಮಡಿಯವರೆಗೆ ಇಳಿದಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಊರಿಗೆಲ್ಲ ಒದೆಯುವ ನಾನು ಮನೆಯಲ್ಲಿ ಕೈಕಟ್ಟಿ ಕೂತೆ. ಗಂಡನ ಮೈಗೆ ಕಾಲು ತಾಗಿಸುವುದುಂಟೇ?

ಅತ್ತೆಯವರು ಕಾಲು ಮುಂದಾಗಿ ಹುಟ್ಟಿದ ಬೇರೆಯವರನ್ನು ಹುಡುಕಿಸಿದರು. ತ್ಯಾಗಲಿಯಲ್ಲಿ ಒಬ್ಬ ಮುದುಕರು ಇದ್ದಾರೆ ಅಂತ ತಿಳಿಯಿತು. ಕರೆತರಲು ನಾನೇ ಹೋದೆ. ಅವರೇ ನಡು ಹಿಡಿದು ಮಲಗಿದ್ದರು. ಅವರಿಗೆ ಮೂರು ಒದ್ದು, ಕುಡಿಯಲು ಕೊಟ್ಟ ಪಾನಕ ಕುಡಿದು ಬಂದೆ.

ಅತ್ತೆಯವರು ಇಡೀ ದಿನ ಯೋಚನೆ ಮಾಡಿ ಇವರ ಹತ್ತಿರ ಬಂದರು. "ತಮಾ, ನಮ್ಮನೆ ಎಮ್ಮೆಕರ ಕಾಲು ಮುಂದಾಗೇ ಹುಟ್ಟಿದ್ದು. ಆನು ಕಣ್ಣಾರೆ ನೋಡಿದ್ದಿ."

ಇವರು ನರಳುತ್ತಲೇ ಹೇಳಿದರು. "ಆಯಿ, ಎಲ್ಲಾ ಕರನೂ ಹಾಂಗೇ ಹುಟ್ಟದು."

ಅತ್ತೆಯವರು ಗಲ್ಲದ ಮೇಲೆ ಕೈಯಿಟ್ಟರು. "ಅಯ್ಯ! ಕೊಟ್ಟಿಗೆ ತುಂಬ ವೈದ್ಯರನ್ನ ಇಟ್ಕಂಡು ಆನು ತ್ಯಾಗಲಿಗೆ ಜನ ಕಳಸಿದ್ನಲೋ!"

೩. ಕಿಟಕಿಯಲ್ಲಿ ನಿಂತವರು

ಕಡೆಗೆ ಸಿದ್ದಾಪುರದ ಡಾಕ್ಟರಿಗೆ ತೋರಿಸಿದೆವು. ಅವರು ಹುಬ್ಬಳ್ಳಿಗೆ ಕಳಿಸಿ ಬೆನ್ನಿನ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು.

"ಎಲುಬು ಎಲುಬಿನ ನಡುವೆ ಒಂದು ಮೆತ್ತೆ ಇರ್ತದಮ್ಮಾ. ನಿಮ್ಮವರದು ಸವೆದಿದೆ."

"ಕೊಯ್ಯಬೇಕೇ?"

"ಸವೆದದ್ದಕ್ಕೆಲ್ಲ ಕೊಯ್ಯುತ್ತಾ ಹೋದರೆ ಈ ತಾಲೂಕಿನಲ್ಲಿ ಹೊಲಿಗೆ ಇಲ್ಲದ ಬೆನ್ನೇ ಉಳಿಯೋದಿಲ್ಲ. ಬರೀ ನೋವಾದರೆ ಕಾಯೋಣ, ಹೆಚ್ಚಿನವು ತಾವಾಗಿ ಇಳಿತವೆ. ಆದರೆ ಕಾಲಿನ ಸ್ಪರ್ಶ ಹೋದರೆ, ಪಾದ ಎತ್ತಲಾಗದಿದ್ದರೆ, ಒಂದಕ್ಕೆ ಹೋಗುವುದೇ ಗೊತ್ತಾಗದಿದ್ದರೆ ಒಂದು ದಿನವೂ ಕೂರಬೇಡಿ. ತಡವಾದರೆ ಆ ಕಾಲು ಮತ್ತೆ ಅವರದ್ದಾಗೋದಿಲ್ಲ."

ದಿನಾ ಬೆಳಿಗ್ಗೆ ಇವರ ಕಣ್ಣು ಮುಚ್ಚಿಸಿ, ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಕಡ್ಡಿಯಿಂದ ಮುಟ್ಟಿ, ಯಾವ ಬೆರಳು ಅಂತ ಕೇಳಬೇಕು ಅಂದರು ಡಾಕ್ಟರು. ಆ ಕೆಲಸ ನನ್ನ ಪಾಲಿಗೆ ಬಂತು. ಕತ್ತಿಗೆ ಇವರು ಮೊದಲಿಂದಲೂ ಹೆದರುವವರು. ಕ್ಷೌರಕ್ಕೆ ಕೂತರೂ ದೇವರ ಹೆಸರು ಹೇಳುತ್ತಿದ್ದರು.

ಎಕ್ಸ್‌ರೇ ಹಾಳೆ ಮಡಚಬಾರದು ಅಂದಿದ್ದರು. ಅದಕ್ಕೆ ಕಿಟಕಿಯ ಸರಳಿಗೆ ಒರಗಿಸಿಟ್ಟೆ. ಮರುದಿನ ಎಳೆಬಿಸಿಲು ಹಿಂದಿನಿಂದ ಬಿತ್ತು. ಕೆಳಗೆ ಚಾಪೆಯಲ್ಲಿ ಇವರು ಮಲಗಿದ್ದಾರೆ, ಮೇಲೆ ಕಿಟಕಿಯಲ್ಲಿ ಇವರ ಎಲುಬು ನಿಂತಿದೆ. ಅತ್ತೆಯವರು ಕಾಫಿ ಲೋಟ ಹಿಡಿದುಕೊಂಡು ಬಂದವರು ಅಲ್ಲೇ ಕಂಬವಾದರು.

"ಇವ ಇಲ್ಲಿ ಮಲಗಿದ್ದ. ಅಲ್ಲಿ ನಿಂತಿದ್ದು ಯಾರೇ?"

"ಅವರೇ, ಅತ್ತೆ."

ಬದುಕಿರುವ ಮಗನ ಎಲುಬು ನೋಡಬಾರದು ಅಂತ ಅತ್ತೆಯವರು ಕಣ್ಣು ಮುಚ್ಚಿಕೊಂಡೇ ಹೋಗಿ ಹಾಳೆಯನ್ನು ಆಚೆ ಮುಖ ಮಾಡಿ ಇಟ್ಟರು. ಕಣ್ಣು ಬಿಟ್ಟರು. ಗಾಜಿನಂಥ ಹಾಳೆ, ಎಲುಬು ಈಚೆಗೂ ಅಷ್ಟೇ ಚೊಕ್ಕ ಕಂಡಿತು.

"ಅಯ್ಯಯ್ಯೋ, ತಿರುಗಿ ನೋಡ್ತಾ ಇದ್ದಲೇ!" ಅಂತ ಕಾಫಿಯನ್ನು ಮಗನ ಮೇಲೇ ಚೆಲ್ಲಿದರು. ನಡು ಹಿಡಿದ ಮೇಲೆ ಇವರು ಅಷ್ಟು ಬೇಗ ಎದ್ದದ್ದು ಅದೊಂದೇ ಸಲ.

೪. ಒಂಟಿ ಮೆಟ್ಟು

ಕಸ ಗುಡಿಸುವ ಹಿಡಿಯಿಂದ ಒಂದು ಕಡ್ಡಿ ಮುರಿದುಕೊಂಡು ನಾನು ದಿನಾ ಪರೀಕ್ಷೆ ಮಾಡಿದೆ. ಇವರು ಕಣ್ಣು ಮುಚ್ಚಿ ಒಂದೂ ತಪ್ಪದೆ ಹೇಳುತ್ತಿದ್ದರು. ಹೆಬ್ಬೆರಳು, ಅದರ ಪಕ್ಕದ್ದು, ನಡುವಿನದು, ಉಂಗುರದ್ದು, ಕಿರಿದು. ದಿನಾ ದೇವರ ಮುಂದೆ ಕೈಮುಗಿದು ಕಡ್ಡಿ ಎತ್ತಿಡುತ್ತಿದ್ದೆ. ಕೊಯ್ಯುವುದು ತಪ್ಪಿತಲ್ಲ ಅಂತ.

ಒಂದು ಬೆಳಿಗ್ಗೆ ಇವರು ಕೋಲೂರಿಕೊಂಡು ಅಂಗಳದಾಚೆಯ ಬಚ್ಚಲಿನಿಂದ ಬಂದು ಜಗಲಿಯಲ್ಲಿ ಕೂತರು. ಅಂಗಳ ನೋಡಿದೆ. ನಟ್ಟ ನಡುವೆ ಇವರ ಎಡಗಾಲಿನ ಮೆಟ್ಟು ಒಂಟಿಯಾಗಿ, ಮುಂದೆ ಹೆಜ್ಜೆ ಇಡುವ ಹಾಗೆ ಮನೆಯ ಕಡೆ ಮುಖ ಮಾಡಿ ನಿಂತಿತ್ತು.

"ನಿಂಗಳ ಮೆಟ್ಟು ಅಲ್ಲೇ ಉಳತ್ತು."

ಇವರು ಕಾಲು ನೋಡಿಕೊಂಡರು. ಪಾದ ಬರಿದಾಗಿದ್ದು ಅವರಿಗೇ ಆಗ ಗೊತ್ತಾಯಿತು. "ಸಡಲ ಆಜು," ಅಂದರು. ಕಣ್ಣು ಮಾತ್ರ ನನ್ನ ಕಡೆ ಬರಲಿಲ್ಲ.

ಸ್ಪರ್ಶ ಇರುವ ಕಾಲಿನಿಂದ ಮೆಟ್ಟು ಹೇಳದೆ ಕೇಳದೆ ಇಳಿದು ಹೋಗುತ್ತದೆಯೇ? ಆಗ ಒಂದು ವಿಷಯ ಹೊಳೆಯಿತು. ಎಲ್ಲ ಕೆಲಸವನ್ನೂ ಬಲಸುತ್ತಿನಲ್ಲೇ, ದೇವರಿಗೆ ಪ್ರದಕ್ಷಿಣೆ ಬರುವ ದಿಕ್ಕಿನಲ್ಲೇ ಮಾಡುವುದು ನನ್ನ ರೂಢಿ. ಪಾದದ ಎದುರು ಕೂತ ನನಗೆ ಅದು ಹೆಬ್ಬೆರಳಿಂದ ಕಿರಿಬೆರಳಿಗೆ. ಹದಿನೈದು ದಿನವೂ ಅದೇ ಸಾಲು.

ಮರುದಿನ ಇವರು ಕಣ್ಣು ಮುಚ್ಚಿ ಮಲಗಿದರು. ನಾನು ಕೂತೆ. ಕಡ್ಡಿಯನ್ನು ನೆಲದ ಮೇಲಿಟ್ಟು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ.

"ಹೇಳಿ ನೋಡನ."

"ಹೆಬ್ಬೆರಳು."

ನಾನು ಮಡಿಲಲ್ಲಿದ್ದ ಕೈ ನೋಡಿಕೊಂಡೆ.

"ಅದರ ಪಕ್ಕದ್ದು." ಸ್ವಲ್ಪ ಬಿಟ್ಟು, "ನಡುವಿನದು. ಇವತ್ತು ಸ್ವಲ್ಪ ಜೋರಾತಲೇ!"

ಇವರದ್ದಲ್ಲದ ಒಂದು ಕಾಲಿನ ಎದುರು ಕೂತ ಹಾಗಾಯಿತು. "ಆನು ಮುಟ್ಟಿದ್ನೇ ಇಲ್ಲೆ," ಅಂದೆ.

ಇವರು ಒಂದು ಕಣ್ಣು ತೆರೆದರು. ನನ್ನ ಖಾಲಿ ಕೈ ಕಂಡರು. ಮೆಲ್ಲಗೆ ತಲೆಯೆತ್ತಿ ನನ್ನ ಬೆನ್ನ ಹಿಂದೆ ಇಣುಕಿ, ಪಿಸುಗುಟ್ಟಿದರು.

"ಹಂಗಾರೆ ಯಾರು ಮುಟ್ಟಿದ್ದು?"

ಸುಳ್ಳು ಹೇಳಿದವರೇ ಅಷ್ಟು ಹೆದರಿ ಕೇಳಿದ್ದರಿಂದ ನಾನೂ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಈ ಕಡೆ ತಿರುಗುವಷ್ಟರಲ್ಲಿ ಇವರು ಅಳುತ್ತಿದ್ದರು. "ಗೊತ್ತಾಗದೇ ಎಂಟು ದಿನಾತು. ಕೊಯ್ಯತ್ವಲೇ ಹೇಳಿ ಹೆದ್ರಿಕೆ ಆತು."

ಕೊಯ್ಯಿಸಬೇಕೋ ಬೇಡವೋ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಮಧ್ಯಾಹ್ನದೊಳಗೆ ಇವರನ್ನು ಹುಬ್ಬಳ್ಳಿಯ ದಾರಿ ಹಿಡಿಸಿದೆ.

೫. ಹೊಣೆ

ದೊಡ್ಡ ಡಾಕ್ಟರು ಬೆನ್ನು ಕೊಯ್ದರು, ಹೊಲಿದರು. "ಸ್ವಲ್ಪ ತಡವಾಗಿದೆ. ಕಾಲು ಬರ್ತದೋ ಇಲ್ಲವೋ, ನೋಡಬೇಕು," ಅಂದರು. ಹತ್ತು ದಿನ ನಾನು ಆ ಪಾದವನ್ನೇ ನೋಡುತ್ತ ಕೂತೆ. ಬಿಳಿ ಹೊದಿಕೆಯ ಹೊರಗೆ ಅದು ಯಾರದೋ ಬಿಟ್ಟುಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು.

ಹನ್ನೊಂದನೇ ದಿನ ಡಾಕ್ಟರು ಸೂಜಿ ಹಿಡಿದು ಬಂದರು. ಇವರ ಕಣ್ಣಿಗೆ ಪಂಚೆ ಸುತ್ತಿದರು. ಒಂದು ಬೆರಳು ಮುಟ್ಟಿದರು. ಇವರು ಸುಮ್ಮನಿದ್ದರು. ಇನ್ನೊಂದು. ಸುಮ್ಮನೆ. ಮೂರು, ನಾಲ್ಕು, ಐದು. ತುಟಿ ಕೂಡ ಅಲುಗಲಿಲ್ಲ. ನಾನು ಮಂಚದ ಕಾಲು ಹಿಡಿದುಕೊಂಡೆ.

ಡಾಕ್ಟರ ದನಿ ತಗ್ಗಿತು. "ಒಂದೂ ಗೊತ್ತಾಗಲಿಲ್ಲವೇ?"

"ಯಾಕೆ ಗೊತ್ತಾಗೋದಿಲ್ಲ? ಐದೂ ಗೊತ್ತಾಯ್ತು. ಕಿರಿಬೆರಳಿಗಂತೂ ರಕ್ತವೇ ಬಂದಿರಬೇಕು."

"ಮತ್ತೆ ಬಾಯಿ ಬಿಡಬಾರದೇನ್ರೀ?"

ಕಣ್ಣಿಗೆ ಸುತ್ತಿದ ಪಂಚೆ ಬಿಚ್ಚದೆಯೇ ಇವರು ನಾನಿದ್ದ ಕಡೆ ಬೆರಳು ತೋರಿಸಿದರು.

"ನಾನು ಹೇಳಿದರೆ ಇವಳು ನಂಬೋದಿಲ್ಲ ಡಾಕ್ಟರೇ. ಯಾವ ಬೆರಳು ಅಂತ ಮೊದಲು ನೀವೇ ಅವಳಿಗೆ ಹೇಳಿ. ಆಮೇಲೆ ನಾನು ಹೌದು ಅಂತೇನೆ."